ಒಂದು ಗುಳ್ಳೆಗೆ ನಿಲ್ಲುವ ಟ್ರ್ಯಾಕ್ಟರ್

ನಮ್ಮ ಚಿಕ್ಕಪ್ಪನ ಟ್ರ್ಯಾಕ್ಟರಿಗೆ ನನಗಿಂತ ಎರಡೇ ವರ್ಷ ಕಡಿಮೆ ವಯಸ್ಸು. ಒಂದು ವರ್ಷ, ಕಬ್ಬು ಸಾಗಿಸುವ ದಿನಗಳಲ್ಲಿ, ಅದಕ್ಕೊಂದು ಚಾಳಿ ಹತ್ತಿತು. ಮನೆ ಮುಂದೆ ನಿಂತಾಗ ಗಡಗಡ ಅಂತ ಚೆನ್ನಾಗಿಯೇ ಓಡುತ್ತಿತ್ತು. ಲೋಡು ಹೇರಿಕೊಂಡು ಅರ್ಧ ಗಂಟೆ ಎಳೆದರೆ ಕೆರೆ ಏರಿಯ ದಿಣ್ಣೆಯಲ್ಲಿ ಮುಗ್ಗರಿಸಿ ಆಫ್. ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್. ನೋಡಲು ನೆರೆದವರದೆಲ್ಲ ಒಂದೇ ತೀರ್ಪು: “ಪಂಪು ಹೋಗೈತೆ ಕಣಣ್ಣ, ಬಿಚ್ಚಾಕ್ಸು.”

ಪಂಪು ಅಂದರೆ ಸಿಲಿಂಡರಿನೊಳಕ್ಕೆ ಡೀಸೆಲ್ ಚಿಮ್ಮಿಸುವ ನಾಜಲ್‌ಗಳಿಗೆ ಡೀಸೆಲ್ ತಳ್ಳುವ ಡೀಸೆಲ್ ಪಂಪು. ಅದನ್ನು ಬಿಚ್ಚಿಸುವುದೆಂದರೆ ಸಾವಿರಾರು ರೂಪಾಯಿಯ ಮಾತು. ಅದರ ಮೇಲೆ ಅಪವಾದ ಹೊರಿಸುವ ಮುಂಚೆ ಅದು ಮಾಡುವ ಕೆಲಸ ಎಂಥದ್ದೆಂದು ಒಂದು ಲೆಕ್ಕ ಹಾಕೋಣ. 35 ಅಶ್ವಶಕ್ತಿಯ, ಮೂರು ಸಿಲಿಂಡರಿನ ಟ್ರ್ಯಾಕ್ಟರು ಭಾರ ಎಳೆಯುವಾಗ ಗಂಟೆಗೆ 6 ಲೀಟರ್ ಡೀಸೆಲ್ ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ಎಂಜಿನ್ನು ನಿಮಿಷಕ್ಕೆ 2000 ಸುತ್ತು ತಿರುಗಿದರೆ ಎರಡು ಸುತ್ತಿಗೆ ಒಂದರಂತೆ ಪ್ರತಿ ಸಿಲಿಂಡರಿಗೆ 1000 ಸಲ ಡೀಸೆಲ್ ಚಿಮ್ಮಬೇಕು. ಮೂರಕ್ಕೂ ಸೇರಿ ಗಂಟೆಗೆ 1,80,000 ಸಲ. ಭಾಗಿಸಿ ನೋಡಿದರೆ ಒಂದೊಂದು ಸಲಕ್ಕೆ ಬರುವುದು 33 ಘನ ಮಿಲಿಮೀಟರ್. ಕಿವಿಗೆ ಔಷಧ ಬಿಡುವ ಡ್ರಾಪರಿನಿಂದ ಬೀಳುವ ಒಂದು ಹನಿಯೇ ಸುಮಾರು 50 ಘನ ಮಿಲಿಮೀಟರ್ ಇರುತ್ತದೆ. ಮುಕ್ಕಾಲು ಹನಿಯೂ ಇಲ್ಲದ ಈ ಡೀಸೆಲನ್ನು ಪಂಪು ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 200 ಪಟ್ಟು ಒತ್ತಡಕ್ಕೆ ಏರಿಸಬೇಕು. ಆಗ ಮಾತ್ರ ನಾಜಲಿನ ಸ್ಪ್ರಿಂಗು ಸೋತು ದಾರಿ ಬಿಡುತ್ತದೆ, ಡೀಸೆಲ್ ಮಂಜಿನಂತೆ ಒಳಗೆ ಹರಡುತ್ತದೆ.

ಈ ದಾರಿಗೆ ಗಾಳಿ ಅಡ್ಡ ಬಂದರೆ ಏನಾಗುತ್ತದೆ ಎಂದು ತಿಳಿಯಲು ಸೂಜಿ ತೆಗೆದ ಒಂದು ಸಿರಿಂಜು ಸಾಕು. ನೀರು ತುಂಬಿ ತುದಿ ಮುಚ್ಚಿ ಒತ್ತಿದರೆ ಅದು ಕಲ್ಲಿನಂತೆ ನಿಲ್ಲುತ್ತದೆ. ಗಾಳಿ ತುಂಬಿ ಒತ್ತಿದರೆ ಸ್ಪ್ರಿಂಗಿನಂತೆ ತಗ್ಗಿ, ಬಿಟ್ಟೊಡನೆ ವಾಪಸ್ ಬರುತ್ತದೆ. 200 ಪಟ್ಟು ಒತ್ತಡದಲ್ಲಿ ಡೀಸೆಲ್ ಕುಗ್ಗುವುದು ನೂರಕ್ಕೆ ಒಂದೆರಡು ಪಾಲು. ಗಾಳಿ ಇನ್ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಪೈಪಿನಲ್ಲಿ ಎರಡು ಹನಿ ಗಾತ್ರದ ಗುಳ್ಳೆ ಇದ್ದರೂ ಪಂಪಿನ ಅಷ್ಟೂ ದುಡಿಮೆ ಅದನ್ನು ಹಿಸುಕುವುದರಲ್ಲೇ ಮುಗಿದುಹೋಗುತ್ತದೆ. ನಾಜಲ್ ತೆರೆಯುವುದೇ ಇಲ್ಲ. “ಏರ್ ಹಿಡಿದಿದೆ” ಎಂದು ಮೆಕ್ಯಾನಿಕ್‌ಗಳು ಹೇಳುವುದು ಇದನ್ನೇ.

ತಮಾಷೆಯೆಂದರೆ, 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ರುಡಾಲ್ಫ್ ಡೀಸೆಲ್ ಓಡಿಸಿ ತೋರಿಸಿದ ಎಂಜಿನ್ನಿನೊಳಕ್ಕೆ ಇಂಧನವನ್ನು ಊದುತ್ತಿದ್ದದ್ದು ಗಾಳಿಯೇ, ಬಲವಾಗಿ ಒತ್ತಿಟ್ಟ ಗಾಳಿ. ಅದಕ್ಕೆ ಬೇಕಾದ ಕಂಪ್ರೆಸರು ಭಾರೀ ಗಾತ್ರದ್ದು. ಹಡಗಿಗೋ ಕಾರ್ಖಾನೆಗೋ ಸರಿ, ಉಳುವ ಗಾಡಿಗಲ್ಲ. ಬಾಷ್ ಕಂಪನಿ 1927ರಲ್ಲಿ ಗಾಳಿಯ ಹಂಗಿಲ್ಲದ ಡೀಸೆಲ್ ಪಂಪನ್ನು ಸಾಲುಸಾಲಾಗಿ ತಯಾರಿಸತೊಡಗಿದ ಮೇಲೆ ಡೀಸೆಲ್ ಎಂಜಿನ್ನು ಲಾರಿ, ಟ್ರ್ಯಾಕ್ಟರುಗಳಿಗೆ ಸಲೀಸಾಗಿ ಬಂತು. ನಮ್ಮಲ್ಲಿ ಆ ಪಂಪಿಗೆ ಮನೆಮಾತಾದ ಹೆಸರು ಮೈಕೋ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಂಪನಿ 2008ರಲ್ಲಿ ಬಾಷ್ ಎಂದೇ ಹೆಸರು ಬದಲಿಸಿಕೊಂಡರೂ ಮೈಕೋ ಲೇಔಟಿನ ಬೋರ್ಡುಗಳಲ್ಲಿ ಹಳೆಯ ಹೆಸರು ಉಳಿದಿದೆ.

ಚಿಕ್ಕಪ್ಪನ ವಿಷಯಕ್ಕೆ ಬರೋಣ. ಪೇಟೆಯಿಂದ ಬಂದ ಹಿರಿಯ ಮೆಕ್ಯಾನಿಕ್ ಪಂಪಿನ ಕಡೆ ತಿರುಗಿಯೂ ನೋಡಲಿಲ್ಲ. ಮೊದಲು, ಎಂಜಿನ್ ಆಫ್ ಮಾಡಲು ಎಳೆಯುವ ಸ್ಟಾಪ್ ವೈರು ಪೂರಾ ಒಳಗೆ ಹೋಗುತ್ತಿದೆಯೇ ಎಂದು ಎಳೆದು ಬಿಟ್ಟು ನೋಡಿದರು. (ಅದು ಅರ್ಧಕ್ಕೆ ಸಿಕ್ಕಿಕೊಂಡಿರುವುದು ಗೊತ್ತಾಗದೆ ಇಡೀ ಎಂಜಿನ್ ಬಿಚ್ಚಿಸಿದವರೂ ಇದ್ದಾರೆ.) ಆಮೇಲೆ ಸೆಲ್ಫ್ ಹೊಡೆಸಿ ಸೈಲೆನ್ಸರಿನ ಬಾಯಿ ನೋಡುತ್ತ ನಿಂತರು. ಎಷ್ಟು ತಿರುಗಿಸಿದರೂ ಹೊಗೆಯೇ ಇಲ್ಲವೆಂದರೆ ಸಿಲಿಂಡರಿಗೆ ಡೀಸೆಲ್ ಮುಟ್ಟುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಬರುತ್ತಿದೆ, ಉರಿಯುತ್ತಿಲ್ಲ. ಆಗ ಹುಡುಕಬೇಕಾದ ಜಾಗವೇ ಬೇರೆ. ನಮ್ಮದರಲ್ಲಿ, ನಿಂತ ಕೂಡಲೇ ಸೆಲ್ಫ್ ಹೊಡೆದರೆ ಹೊಗೆ ಇರಲಿಲ್ಲ.

ಹಾಗಾಗಿ ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯಲ್ಲಿ ಹುಡುಕಾಟ. ಖಾಲಿ ನಿಂತ ಎಂಜಿನ್ನಿಗೆ ಗಂಟೆಗೆ ಒಂದು ಲೀಟರಿನ ಆಸುಪಾಸು ಸಾಕು. ದಿಣ್ಣೆ ಹತ್ತುವಾಗ ಅದರ ಐದಾರು ಪಟ್ಟು ಬೇಕು. ಅರ್ಧ ಕಟ್ಟಿದ ಫಿಲ್ಟರ್ ಮೊದಲನೆಯದಕ್ಕೆ ಸಾಲುತ್ತದೆ, ಎರಡನೆಯದಕ್ಕೆ ಸಾಲದು. ಫಿಲ್ಟರ್ ಬಿಚ್ಚಿದರೆ ಕಪ್ಪು ಕೆಸರು, ತಳದಲ್ಲಿ ಎರಡು ಚಮಚ ನೀರು. ಅರೆ ತುಂಬಿದ ಟ್ಯಾಂಕಿನೊಳಗಿನ ಗಾಳಿ ರಾತ್ರಿ ತಣ್ಣಗಾದಾಗ ಅದರ ತೇವ ಹನಿಯಾಗುತ್ತದೆ, ಡೀಸೆಲಿಗಿಂತ ಭಾರವಾದ್ದರಿಂದ ತಳ ಸೇರುತ್ತದೆ. ನೀರೂ ಡೀಸೆಲೂ ಕೂಡುವ ಗಡಿಯಲ್ಲಿ ಬೂಷ್ಟೂ ಬೆಳೆಯುತ್ತದೆ. ಪಂಪಿನೊಳಗೆ ಡೀಸೆಲನ್ನು ಒತ್ತುವ ಪ್ಲಂಜರಿಗೂ ಅದು ಆಡುವ ಕೊಳವೆಗೂ ನಡುವೆ ಇರುವ ಸಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಭಾಗ. ತಲೆಗೂದಲು ಅದರ ಇಪ್ಪತ್ತು ಪಟ್ಟಾದರೂ ದಪ್ಪ. ಅಲ್ಲಿಗೆ ಡೀಸೆಲೇ ಆಯಿಲ್ಲು. ಕಸ, ನೀರು ಅಲ್ಲಿಗೆ ಹೋದರೆ ಪಂಪು ನಿಜಕ್ಕೂ ಹೋಗುತ್ತದೆ.

ಫಿಲ್ಟರ್ ಬದಲಾಯಿತು. ಜಾಯಿಂಟುಗಳ ತಾಮ್ರದ ವಾಷರುಗಳೂ ಬದಲಾದವು. ಟ್ಯಾಂಕಿನಿಂದ ಡೀಸೆಲ್ ತಂದು ದೊಡ್ಡ ಪಂಪಿಗೆ ಒದಗಿಸುವ ಸಣ್ಣ ಪಂಪು, ಅಂದರೆ ಫೀಡ್ ಪಂಪು, ಡೀಸೆಲನ್ನು ಎಳೆದುಕೊಳ್ಳುವ ಭಾಗದಲ್ಲಿ ಜಾಯಿಂಟು ಸಡಿಲವಿದ್ದರೆ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ತೊಟ್ಟಿಕ್ಕುವ ಬದಲು ಗಾಳಿ ಒಳಗೆ ನುಗ್ಗಬಹುದು. ಹೊರಗೆಲ್ಲ ಒಣಗಿಯೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಟ್ಯಾಂಕು ತುಂಬಿದ್ದಾಗ ಸರಿಯಾಗಿದ್ದು, ಅರ್ಧಕ್ಕಿಳಿದಾಗ ಕೈಕೊಡುವ ಟ್ರ್ಯಾಕ್ಟರಿನಲ್ಲಿ ಇದನ್ನೇ ಮೊದಲು ಹುಡುಕಬೇಕು.

ಆಮೇಲೆ ಏರ್ ತೆಗೆಯುವ ಕೆಲಸ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಫೀಡ್ ಪಂಪಿನ ಕೈ ಲಿವರ್ ಒತ್ತುತ್ತ ಹೋದರೆ ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ತಿಳಿ ಡೀಸೆಲ್. ಅದೇ ರೀತಿ ಪಂಪಿನ ಸ್ಕ್ರೂನಲ್ಲಿ. ಕೊನೆಗೆ ನಾಜಲ್ ಕಡೆಯ ನಟ್ಟುಗಳನ್ನು ಸಡಿಲಿಸಿ ಸೆಲ್ಫ್ ಹೊಡೆಸಬೇಕು. ನಾಜಲಿನಿಂದ ಚಿಮ್ಮುವ ಡೀಸೆಲಿಗೆ ಮಾತ್ರ ಯಾವತ್ತೂ ಬೆರಳು ಅಡ್ಡ ಹಿಡಿಯಬೇಡಿ. ಅದು ಚರ್ಮ ತೂರಿ ಒಳಕ್ಕೆ ಹೋಗುತ್ತದೆ. ಮೇಲೆ ಕಾಣುವುದು ಸೂಜಿಮೊನೆಯ ಗುರುತು, ಒಳಗೆ ಬೆರಳೇ ಕೊಳೆಯಬಹುದು. ನೋವಿಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಇಷ್ಟೆಲ್ಲ ಆಗಿ, ಲೋಡು ಕಟ್ಟಿ ಹೊರಟರೆ, ಅದೇ ದಿಣ್ಣೆಯಲ್ಲಿ ಮತ್ತೆ ಆಫ್. ಹಿಂದೆ ಬೈಕಿನಲ್ಲಿ ಬರುತ್ತಿದ್ದ ಮೆಕ್ಯಾನಿಕ್ ಟ್ಯಾಂಕಿನ ಹತ್ತಿರ ಬಂದು ಕೇಳಿದರು: “ಗೌಡ್ರೇ, ಮುಚ್ಚಳ ಎಲ್ಲಿ?”

ಮುಚ್ಚಳ ಕಳೆದುಹೋಗಿ ತಿಂಗಳಾಗಿತ್ತು. ಮಳೆನೀರು ಬೀಳದಿರಲೆಂದು ಚಿಕ್ಕಪ್ಪ ಗೊಬ್ಬರದ ಚೀಲದೊಳಗಿನ ದಪ್ಪ ಪ್ಲಾಸ್ಟಿಕ್ ಕವರು ಮುಚ್ಚಿ ಸೈಕಲ್ ಟ್ಯೂಬಿನಿಂದ ಬಿಗಿದಿದ್ದರು. ಕವರು ಬಟ್ಟಲಿನಂತೆ ಒಳಕ್ಕೆ ಗುಳಿಬಿದ್ದಿತ್ತು. ಕಂಪನಿಯ ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ದಾರಿಯಿರುತ್ತದೆ, ಈ ಕವರಿನಲ್ಲಿ ಅದಿರಲಿಲ್ಲ. ಟ್ಯಾಂಕಿನಲ್ಲಿ 20 ಲೀಟರಿನಷ್ಟು ಖಾಲಿ ಜಾಗವಿದ್ದು, ಹೊರಗಿನ ಗಾಳಿ ಬಾರದೆ 2 ಲೀಟರ್ ಡೀಸೆಲ್ ಹೊರಹೋದರೆ ಒಳಗಿನ ಒತ್ತಡ ಹನ್ನೊಂದರಲ್ಲಿ ಒಂದು ಪಾಲು ಕುಸಿಯುತ್ತದೆ. ಒಂದು ಮೀಟರಿಗೂ ಎತ್ತರದ ಡೀಸೆಲ್ ಕಂಬವನ್ನು ಹಿಡಿದು ನಿಲ್ಲಿಸಲು ಅಷ್ಟು ಸಾಕು. ಅರ್ಧ ಗಂಟೆಯ ಲೆಕ್ಕ ಅಲ್ಲಿ ಕೂಡಿಬಂತು. ಬೀಡಿ ಮುಗಿಯುವಷ್ಟರಲ್ಲಿ ಟ್ಯೂಬಿನ ಸಂದಿಯಿಂದ ಒಂಚೂರು ಗಾಳಿ ನುಸುಳಿ ಎಂಜಿನ್ನಿಗೆ ಮತ್ತೆ ಜೀವ ಬರುತ್ತಿತ್ತು.

ಮೆಕ್ಯಾನಿಕ್ ಟ್ಯೂಬು ಎಳೆದರು. ಟ್ಯಾಂಕು “ಸ್ಸ್” ಎಂದು ಉಸಿರೆಳೆದುಕೊಂಡಿತು. ಚಿಕ್ಕಪ್ಪ ನನ್ನ ಕಡೆ ನೋಡದೆ ಸೆಲ್ಫ್ ಒತ್ತಿದರು.