ದೂರು ಪುಸ್ತಕವೇ ಮೊದಲ ಸಾಕ್ಷಿ

ಪುರಸಭೆ, ನಗರಸಭೆ, ಪಂಚಾಯಿತಿಗಳ ಪರವಾಗಿ ಕೋರ್ಟಿನಲ್ಲಿ ನಿಲ್ಲುವ ನನ್ನಂಥ ವಕೀಲರಿಗೆ ಬರುವ ಫೈಲುಗಳಲ್ಲಿ ಒಂದು ವಾಕ್ಯ ಪದೇ ಪದೇ ಕಣ್ಣಿಗೆ ಬೀಳುತ್ತದೆ: ‘ಅನುದಾನ ಲಭ್ಯವಾದ ನಂತರ ಸೂಕ್ತ ಕ್ರಮ ವಹಿಸಲಾಗುವುದು.’ ಚರಂಡಿ ಮೇಲಿನ ಚಪ್ಪಡಿ ಒಡೆದಿದೆ ಎಂದು ಯಾರೋ ಅರ್ಜಿ ಕೊಟ್ಟಿರುತ್ತಾರೆ. ಅದು ಟಪಾಲಿನಲ್ಲಿ ಸೀಲು ಹಾಕಿಸಿಕೊಂಡು ವಿಷಯ ನಿರ್ವಾಹಕರ ಟೇಬಲ್ಲಿಗೆ ಹೋಗಿ, ಅಲ್ಲಿಂದ ಕಿರಿಯ ಎಂಜಿನಿಯರ್ ಕೈಗೆ ಬಂದು, ‘ಸ್ಥಳ ಪರಿಶೀಲಿಸಲಾಗಿದೆ, ಚಪ್ಪಡಿ ಶಿಥಿಲವಾಗಿರುವುದು ಕಂಡುಬಂದಿದೆ’ ಎಂಬ ಟಿಪ್ಪಣಿಯೊಂದಿಗೆ ಮೇಲೆ ಹೋಗುತ್ತದೆ. ಕೊನೆಗೆ ಆ ಅನುದಾನದ ವಾಕ್ಯ, ಅದರ ಕೆಳಗೆ ಸಹಿ. ಬರೆದವರ ಲೆಕ್ಕದಲ್ಲಿ ಫೈಲು ಮುಗಿಯಿತು. ಕೆಲವು ತಿಂಗಳಾದ ಮೇಲೆ ಅದೇ ಜಾಗದಲ್ಲಿ ಒಬ್ಬರು ಬಿದ್ದು ಸೊಂಟ ಮುರಿದುಕೊಂಡರೆ, ಪರಿಹಾರ ಕೇಳುವ ವಕೀಲರಿಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ಅಪಾಯವಿದೆ ಎಂದು ಕಚೇರಿಗೆ ಗೊತ್ತಿತ್ತು, ಎಂಜಿನಿಯರ್ ಕಣ್ಣಾರೆ ನೋಡಿದ್ದರು, ದಿನಾಂಕ ಹಾಕಿ ಬರೆದೂ ಇಟ್ಟಿದ್ದರು. ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಟಿಪ್ಪಣಿ ಹಾಳೆಯ ಪ್ರತಿ ಸಿಗುತ್ತದೆ.

ಇದನ್ನು ತರಬೇತಿಗಳಲ್ಲಿ ಹೇಳಿದಾಗ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: ‘ಹಾಗಾದರೆ ಏನೂ ಬರೆಯದಿದ್ದರೇ ವಾಸಿ ಅಲ್ವಾ ಸಾರ್?’ ಅಲ್ಲ. ಸ್ವೀಕೃತಿ ಸೀಲು ಬಿದ್ದ ಅರ್ಜಿಯ ಪ್ರತಿ ಅರ್ಜಿದಾರರ ಮನೆಯಲ್ಲಿರುತ್ತದೆ. ಅತ್ತ ಸೀಲು, ಇತ್ತ ಖಾಲಿ ಹಾಳೆ ಎಂದರೆ ನಿರ್ಲಕ್ಷ್ಯ ಇನ್ನಷ್ಟು ಸ್ಪಷ್ಟ. ಅಲ್ಲಿ ಬರೆಯಬೇಕಾದದ್ದು ಬೇರೆಯೇ ಇದೆ. ಹೊಸ ಚಪ್ಪಡಿಗೆ ಅಂದಾಜು ಪಟ್ಟಿ, ಮಂಜೂರಾತಿ, ಟೆಂಡರ್ ಎಲ್ಲ ಬೇಕು, ನಿಜ. ಎರಡು ಬ್ಯಾರಿಕೇಡ್ ತಂದು ನಿಲ್ಲಿಸುವುದಕ್ಕೆ, ರಾತ್ರಿ ಕಾಣುವಂಥ ಪಟ್ಟಿ ಕಟ್ಟುವುದಕ್ಕೆ, ಫೋಟೊ ತೆಗೆದು ಫೈಲಿಗೆ ಸೇರಿಸುವುದಕ್ಕೆ ಅದ್ಯಾವುದೂ ಬೇಡ. ‘ಈ ದಿನ ಬ್ಯಾರಿಕೇಡ್ ಹಾಕಿಸಲಾಗಿದೆ, ದುರಸ್ತಿಗೆ ಅಂದಾಜು ಪಟ್ಟಿ ಸಲ್ಲಿಸಲಾಗಿದೆ’ ಎಂಬ ಟಿಪ್ಪಣಿ ಇದ್ದರೆ ಆ ಮೊಕದ್ದಮೆಯನ್ನು ನಾನು ಧೈರ್ಯವಾಗಿ ನಡೆಸಬಲ್ಲೆ. ನಡುವೆ ಯಾರೋ ಬ್ಯಾರಿಕೇಡ್ ಕದ್ದೊಯ್ದಿದ್ದರೂ ವಾದಿಸಲು ಏನಾದರೂ ಉಳಿದಿರುತ್ತದೆ.

ದುಡ್ಡಿಲ್ಲ ಎಂಬ ವಾದಕ್ಕೆ ಸುಪ್ರೀಂ ಕೋರ್ಟು 1980ರಲ್ಲೇ ಉತ್ತರ ಕೊಟ್ಟಿದೆ. ಮಧ್ಯಪ್ರದೇಶದ ರತ್ಲಾಂ ಪಟ್ಟಣದ ಒಂದು ಬಡಾವಣೆಯ ಜನ ತೆರೆದ ಚರಂಡಿ, ಗಲೀಜು, ಡಿಸ್ಟಿಲರಿಯಿಂದ ಹರಿದು ಬರುವ ಕೊಳಕು ನೀರಿನಿಂದ ಬೇಸತ್ತು ಮ್ಯಾಜಿಸ್ಟ್ರೇಟರ ಮೊರೆ ಹೋದರು. ಪುರಸಭೆ ತನ್ನ ಬಳಿ ಹಣವಿಲ್ಲ ಎಂದಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ ಅದನ್ನು ಒಪ್ಪಲಿಲ್ಲ. ಜನರ ಆರೋಗ್ಯ ಕಾಯುವ ಮೂಲ ಕರ್ತವ್ಯದಿಂದ ಬೊಕ್ಕಸ ಖಾಲಿ ಎಂಬ ಕಾರಣಕ್ಕೆ ನುಣುಚಿಕೊಳ್ಳಲಾಗದು ಎಂದಿತು. ಆ ಪ್ರಕರಣಕ್ಕೆ ಆಧಾರವಾಗಿದ್ದ, ಸಾರ್ವಜನಿಕರಿಗೆ ಆಗುವ ಉಪದ್ರವ ತೆಗೆಸುವ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮು 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 152ನೇ ಕಲಮಾಗಿ ಮುಂದುವರಿದಿದೆ. ಹಾಗೆಂದು ಹಣದ ಕೊರತೆಗೆ ಬೆಲೆಯೇ ಇಲ್ಲ ಎಂದಲ್ಲ. ನೂರು ಕಡೆ ದುರಸ್ತಿ ಬಾಕಿಯಿದ್ದು ಇಪ್ಪತ್ತಕ್ಕೆ ಮಾತ್ರ ಹಣವಿದ್ದರೆ, ಆ ಇಪ್ಪತ್ತನ್ನು ಆರಿಸಿದ್ದು ಹೇಗೆ ಎಂದು ತೋರಿಸಬೇಕು. ಶಾಲೆ, ಆಸ್ಪತ್ರೆಯ ಬಳಿಯವು ಮೊದಲು, ಆಳದವು ಮೊದಲು ಎಂದು ಕಾರಣ ಬರೆದು ಆದ್ಯತಾ ಪಟ್ಟಿ ಮಾಡಿದ್ದರೆ ಅದು ಸಮರ್ಥನೆಯಾಗುತ್ತದೆ. ಸದಸ್ಯರ ಒತ್ತಡಕ್ಕೆ ಸಿಕ್ಕಿ ವಾರ್ಡಿಗಿಷ್ಟು ಎಂದು ಹಂಚಿದ್ದರೆ ಆಗುವುದಿಲ್ಲ.

ಹಾನಿ ಆದ ಕಡೆಯಲ್ಲೆಲ್ಲ ಸ್ಥಳೀಯ ಸಂಸ್ಥೆಯೇ ಹೊಣೆ ಎಂದೇನೂ ಕೋರ್ಟು ಹೇಳುವುದಿಲ್ಲ. ಮೂರು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1966ರಲ್ಲಿ ಪಾಲಿಕೆಯನ್ನೇ ಹೊಣೆ ಮಾಡಿತು. ಕಟ್ಟಡಕ್ಕೆ 80 ವರ್ಷವಾಗಿತ್ತು. ಬಳಸಿದ್ದ ಗಾರೆಯ ಆಯುಸ್ಸು 40–45 ವರ್ಷ ಮಾತ್ರ. ಒಳಗಿನ ದೋಷ ಮೇಲ್ನೋಟಕ್ಕೆ ಕಾಣುತ್ತಿರಲಿಲ್ಲ ಎಂಬ ವಾದ ನಿಲ್ಲಲಿಲ್ಲ, ಏಕೆಂದರೆ ರಸ್ತೆಗೆ ಹೊಂದಿಕೊಂಡ ಸ್ವಂತ ಕಟ್ಟಡವನ್ನು ಸುಸ್ಥಿತಿಯಲ್ಲಿಡುವುದು ಮಾಲೀಕನ ಹೊಣೆ. ಆದರೆ ರಾಜ್‌ಕೋಟ್‌ನಲ್ಲಿ ರಸ್ತೆಬದಿಯ ಮರ ಬಿದ್ದು ದಾರಿಹೋಕರೊಬ್ಬರು ಸತ್ತಾಗ, 1997ರಲ್ಲಿ, ಪಾಲಿಕೆ ಗೆದ್ದಿತು. ಊರಿನ ಪ್ರತಿ ಮರದ ಮೇಲೂ ಸದಾ ಕಣ್ಣಿಟ್ಟಿರಬೇಕು ಎಂಬ ಹೊರೆ ಹೇರಲಾಗದು ಎಂದಿತು ಕೋರ್ಟು. 1997ರ ಜೂನ್ 13ರಂದು 59 ಜನ ಸತ್ತ ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿ ದುರಂತದಲ್ಲೂ, 2011ರ ತೀರ್ಪು ಪರಿಹಾರದ ಹೊಣೆಯನ್ನು ಚಿತ್ರಮಂದಿರದ ಮಾಲೀಕರು ಮತ್ತು ವಿದ್ಯುತ್ ಮಂಡಳಿಯ ಮೇಲೆ ಹಾಕಿ, ಪಾಲಿಕೆಯನ್ನೂ ಪರವಾನಗಿ ಕೊಟ್ಟ ಪ್ರಾಧಿಕಾರವನ್ನೂ ಬಿಟ್ಟಿತು.

ನಾನು ಇದನ್ನು ಓದುವುದು ಹೀಗೆ: ಸ್ವಂತ ಕಟ್ಟಡ, ಸ್ವಂತ ವಾಹನ, ಸ್ವಂತ ಒಳಚರಂಡಿ ಎಂದರೆ ಹೊಣೆ ಹೆಚ್ಚು, ಇನ್ನೊಬ್ಬರ ಚಟುವಟಿಕೆಯ ಮೇಲೆ ಬರೀ ಉಸ್ತುವಾರಿ ಇದ್ದರೆ ಕಡಿಮೆ. ಆದರೆ ಮರದ ತೀರ್ಪನ್ನು ನಂಬಿ ಕೂರುವುದು ಬೇಡ. ‘ಈ ಕೊಂಬೆ ಒಣಗಿದೆ, ಬೀಳುತ್ತದೆ’ ಎಂದು ಒಂದು ದೂರು ಬಂದಿತೆನ್ನಿ, ಆ ಕ್ಷಣದಿಂದ ಅದು ಊರಿನ ಸಾವಿರ ಮರಗಳಲ್ಲಿ ಒಂದಾಗಿ ಉಳಿಯುವುದಿಲ್ಲ. ಈಗ ದೂರು ಬರುವ ದಾರಿಗಳೂ ಬದಲಾಗಿವೆ. ವಾರ್ಡಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬರು ಫೋಟೊ ಹಾಕುತ್ತಾರೆ, ಆರೋಗ್ಯ ನಿರೀಕ್ಷಕರು ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತಾರೆ. ಆ ಹೆಬ್ಬೆರಳೂ ಒಂದು ಸ್ವೀಕೃತಿ ಎಂದು ವಾದಿಸಲು ಎದುರು ವಕೀಲರಿಗೆ ಅಡ್ಡಿಯೇನಿಲ್ಲ. ಗುಂಪಿನಲ್ಲಿ ಬಂದ ದೂರನ್ನು ಅದೇ ದಿನ ದೂರು ಪುಸ್ತಕಕ್ಕೆ ಏರಿಸುವ ಕೆಲಸವನ್ನು ಒಬ್ಬರ ಹೆಸರಿಗೆ ಹಚ್ಚಬೇಕು. ಎಲ್ಲರ ಕೆಲಸ ಎಂದರೆ ಯಾರೂ ಮಾಡುವುದಿಲ್ಲ.

ದೂರಿನ ಹಂತ ದಾಟಿದ ಮೇಲೆ ಬರುವುದು ವಕೀಲರ ನೋಟಿಸು. ಸರ್ಕಾರ ಅಥವಾ ಸರ್ಕಾರಿ ಅಧಿಕಾರಿಯ ಮೇಲೆ ದಾವೆ ಹೂಡುವ ಮುನ್ನ 2 ತಿಂಗಳ ನೋಟಿಸು ಕೊಡಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮು ಹೇಳುತ್ತದೆ; ಸ್ಥಳೀಯ ಸಂಸ್ಥೆಗಳ ಕಾಯ್ದೆಗಳಲ್ಲೂ ಇಂಥ ಕಲಮುಗಳಿವೆ. ಕೋರ್ಟಿಗೆ ಹೋಗದೆ ತಪ್ಪು ತಿದ್ದಿಕೊಳ್ಳಲಿ ಎಂದು ಕಾನೂನು ಕೊಟ್ಟ ಕಾಲಾವಕಾಶ ಇದು. ನಾವು ಅದನ್ನು ಬಳಸುವ ಪರಿ ನೋಡಬೇಕು: ಹೆಚ್ಚಿನ ನೋಟಿಸುಗಳಿಗೆ ಉತ್ತರವೇ ಇಲ್ಲ, ಇದ್ದರೂ ‘ನೋಟಿಸಿನ ಎಲ್ಲ ಅಂಶಗಳನ್ನು ಅಲ್ಲಗಳೆಯಲಾಗಿದೆ’ ಎಂಬ ಅಚ್ಚು ಉತ್ತರ. 2005ರಲ್ಲಿ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಆಡಿ, ಪ್ರತಿ ಇಲಾಖೆಯೂ ನೋಟಿಸಿಗೆ ಉತ್ತರ ಕೊಡುವ ಹೊಣೆಯನ್ನು ಒಬ್ಬ ಅಧಿಕಾರಿಗೆ ವಹಿಸಬೇಕು, ತಪ್ಪಿದರೆ ಖರ್ಚು ಹೇರಬಹುದು ಎಂದಿತು. ರಿಟ್ ಅರ್ಜಿಗೆ ಈ 2 ತಿಂಗಳ ಗಡುವೂ ಇಲ್ಲ. ನೇರವಾಗಿ ಹೈಕೋರ್ಟಿಗೆ ಹೋಗಬಹುದು.

ನೋಟಿಸು ಬಂದ ವಾರದಲ್ಲೇ ಆಗಬೇಕಾದ ಕೆಲಸವೊಂದಿದೆ. ಆ ಕಾಮಗಾರಿಯ ಅಳತೆ ಪುಸ್ತಕ (ಆದ ಕೆಲಸದ ಅಳತೆ ಬರೆದಿಡುವ ದಾಖಲೆ), ಕಾರ್ಯಾದೇಶ, ದೂರು ಪುಸ್ತಕದ ಪುಟ, ಫೋಟೊಗಳು, ಆಗ ಅಲ್ಲಿದ್ದ ಎಂಜಿನಿಯರ್ ಹೆಸರು ಮತ್ತು ಫೋನ್ ನಂಬರು ಇವಿಷ್ಟನ್ನು ಒಂದೇ ಕಡೆ ಸೇರಿಸಿ ಪುಟಸಂಖ್ಯೆ ಹಾಕಿಡುವುದು. ಎಂಜಿನಿಯರ್ ವರ್ಗವಾಗಿ ಹೋದ ಮೇಲೆ ಅಳತೆ ಪುಸ್ತಕ ಹುಡುಕುವ ಸುಖವನ್ನು ಅನುಭವಿಸಿದವರಿಗೇ ಗೊತ್ತು. ಅದಿಲ್ಲದೆ ವಕೀಲರಿಗೆ ಬರುವುದು ‘ಕಂಡಿಕೆ 4: ದಾಖಲೆಗೆ ಸಂಬಂಧಿಸಿದ್ದು, ಷರಾ ಅಗತ್ಯವಿಲ್ಲ’ ಎಂಬಂಥ ಕಂಡಿಕೆವಾರು ಷರಾ, ಅಂದರೆ ಎದುರಾಳಿಯ ಒಂದೊಂದು ಪ್ಯಾರಾಕ್ಕೂ ಕಚೇರಿ ಬರೆದು ಕಳಿಸುವ ಉತ್ತರ. ನೋಡಿದರೆ ಇಡೀ ಕೇಸು ನಿಂತಿರುವುದೇ ಆ 4ನೇ ಕಂಡಿಕೆಯ ಮೇಲೆ!

ಕಾಲಮಿತಿಯ ವಿಷಯ ಇನ್ನೂ ಕಠಿಣ. ಸಮನ್ಸು ಮುಟ್ಟಿದ 30 ದಿನದಲ್ಲಿ ದಾವೆಗೆ ಉತ್ತರವಾಗಿ ಲಿಖಿತ ಹೇಳಿಕೆ ಹಾಕಬೇಕು, ಕೋರ್ಟು ಒಪ್ಪಿದರೆ 90 ದಿನದವರೆಗೆ. ವಾಣಿಜ್ಯ ದಾವೆಯಾದರೆ 120 ದಿನ ದಾಟಿದ ಮೇಲೆ ಬಾಗಿಲು ಮುಚ್ಚಿತು. ಗುತ್ತಿಗೆದಾರರ ಪರವಾಗಿ ಬಂದ ಮಧ್ಯಸ್ಥಿಕೆ ತೀರ್ಪನ್ನು ಪ್ರಶ್ನಿಸಲು 3 ತಿಂಗಳು, ಸಾಕಷ್ಟು ಕಾರಣವಿದ್ದರೆ ಇನ್ನು 30 ದಿನ, ಅದರಾಚೆ ಒಂದು ದಿನವೂ ಇಲ್ಲ. ಮೊದಲೆಲ್ಲ ಸರ್ಕಾರಿ ಕಚೇರಿಯ ವಿಳಂಬವನ್ನು ಕೋರ್ಟುಗಳು ಉದಾರವಾಗಿ ಮನ್ನಿಸುತ್ತಿದ್ದವು. 2012ರಲ್ಲಿ ಅಂಚೆ ಇಲಾಖೆ 427 ದಿನ ತಡವಾಗಿ ಬಂದಾಗ, ಫೈಲು ಟೇಬಲಿನಿಂದ ಟೇಬಲಿಗೆ ಹೋಗುವುದು ಕಾರಣವೇ ಅಲ್ಲ ಎಂದು ಸುಪ್ರೀಂ ಕೋರ್ಟು ಮೇಲ್ಮನವಿ ವಜಾ ಮಾಡಿತು. 2020ರಲ್ಲಿ ಮಧ್ಯಪ್ರದೇಶ ಸರ್ಕಾರ 663 ದಿನ ತಡ ಮಾಡಿದ್ದಕ್ಕೆ 25,000 ರೂಪಾಯಿ ದಂಡ ಹಾಕಿ, ಹೊಣೆಗಾರ ಅಧಿಕಾರಿಗಳಿಂದಲೇ ವಸೂಲು ಮಾಡಲು ಹೇಳಿತು.

ಗುತ್ತಿಗೆದಾರನ ಮೇಲೆ ಹಾಕಿ ಕೈತೊಳೆದುಕೊಳ್ಳುವ ಅಭ್ಯಾಸದ ಬಗ್ಗೆಯೂ ಹೇಳಬೇಕು. ‘ಯಾವುದೇ ಅನಾಹುತಕ್ಕೆ ಗುತ್ತಿಗೆದಾರನೇ ಸಂಪೂರ್ಣ ಹೊಣೆ’ ಎಂಬ ಷರತ್ತು ಎಲ್ಲ ಕರಾರುಗಳಲ್ಲೂ ಇದೆ. ಅದು ನಿಮಗೂ ಅವನಿಗೂ ನಡುವಿನ ಮಾತು. ಗುಂಡಿಗೆ ಬಿದ್ದವರು ಆ ಕರಾರಿಗೆ ಸಹಿ ಹಾಕಿಲ್ಲ. ಅವರಿಗೆ ಪರಿಹಾರ ಕೊಟ್ಟು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲು ಆ ಷರತ್ತು ನೆರವಾಗುತ್ತದೆ, ಅದೂ ಅಷ್ಟರಲ್ಲಿ ಭದ್ರತಾ ಠೇವಣಿ ವಾಪಸು ಕೊಟ್ಟಿರದಿದ್ದರೆ. ಕೂಲಿಯಾಳು ಗಾಯಗೊಂಡರೆ, 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ 12ನೇ ಕಲಮು ಮೂಲ ಮಾಲೀಕನನ್ನೇ, ಅಂದರೆ ಗುತ್ತಿಗೆ ಕೊಟ್ಟ ಸಂಸ್ಥೆಯನ್ನೇ, ಹಿಡಿಯುತ್ತಿತ್ತು; ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ಹೊಣೆ ಮುಂದುವರಿದಿದೆ. ಮ್ಯಾನ್‌ಹೋಲ್ ವಿಷಯದಲ್ಲಿ ರಿಯಾಯಿತಿಯ ಮಾತೇ ಇಲ್ಲ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಒಳಗಿಳಿಸುವುದನ್ನು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ನಿಷೇಧಿಸಿದೆ. ಒಳಚರಂಡಿ ಸಾವಿನ ಪರಿಹಾರವನ್ನು 2014ರ ತೀರ್ಪು 10 ಲಕ್ಷ ರೂಪಾಯಿ ಎಂದಿತ್ತು. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು 30 ಲಕ್ಷಕ್ಕೆ ಏರಿಸಿತು. ಸಕ್ಕಿಂಗ್ ಯಂತ್ರ ಕೆಟ್ಟಿದೆ, ಇವತ್ತೊಂದು ದಿನ ಯಾರನ್ನಾದರೂ ಇಳಿಸಿ ಎಂದು ಬಾಯಿಮಾತಿನಲ್ಲಿ ಹೇಳುವ ಅಧಿಕಾರಿ ಕಾನೂನಿನ ತೊಡಕಿಗೆ ಮೊದಲು ಒಂದು ಜೀವವನ್ನು ಪಣಕ್ಕಿಡುತ್ತಿದ್ದಾರೆ. ಇಲ್ಲಿ ನಾನು ಯಾವ ಸಮರ್ಥನೆಯನ್ನೂ ಹುಡುಕಿಕೊಡುವುದಿಲ್ಲ.

ಸ್ವಂತ ಜೇಬಿನ ಹೊಣೆ ಎಂದಾಗ ಅಧಿಕಾರಿಗಳು ಹೆಚ್ಚು ಗಮನವಿಟ್ಟು ಕೇಳುತ್ತಾರೆ. ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ 1993ರಲ್ಲೇ, ಗ್ರಾಹಕನಿಗೆ ಕಿರುಕುಳ ಕೊಟ್ಟ ಅಧಿಕಾರಿಗಳನ್ನು ಗುರುತಿಸಿ ಅವರಿಂದಲೇ ಪರಿಹಾರ ವಸೂಲು ಮಾಡಬೇಕೆಂದು ಸುಪ್ರೀಂ ಕೋರ್ಟು ಹೇಳಿತ್ತು. 2024ರ ನವೆಂಬರ್ 13ರ ತೀರ್ಪಿನ ಪ್ರಕಾರ ಕಟ್ಟಡ ಕೆಡವುವ ಮುನ್ನ ಕನಿಷ್ಠ 15 ದಿನದ ನೋಟಿಸನ್ನು ನೋಂದಾಯಿತ ಅಂಚೆಯಲ್ಲಿ ಕಳಿಸಬೇಕು, ಕಟ್ಟಡಕ್ಕೂ ಅಂಟಿಸಬೇಕು. ಮಾರ್ಗಸೂಚಿ ಮೀರಿ ಕೆಡವಿದರೆ ಮತ್ತೆ ಕಟ್ಟಿಸಿಕೊಡುವ ಖರ್ಚು ಅಧಿಕಾರಿಯದು. ರಸ್ತೆ, ಪಾದಚಾರಿ ಮಾರ್ಗದಂಥ ಸಾರ್ವಜನಿಕ ಜಾಗದ ಒತ್ತುವರಿಗೆ ಈ ನಿರ್ದೇಶನ ಅನ್ವಯಿಸುವುದಿಲ್ಲ. ಈ ವಿನಾಯಿತಿಯನ್ನೇ ನೆಚ್ಚಿ ಜೆಸಿಬಿ ಹೊರಡಿಸುವ ಮುನ್ನ, ಆ ಜಾಗ ನಿಜಕ್ಕೂ ರಸ್ತೆಯೇ ಎಂದು ಸರ್ವೆ ಮಾಡಿಸಿ ನಕ್ಷೆ ಕೈಯಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ವಾಹನಗಳ ಬಗ್ಗೆ ಒಂದೇ ಮಾತು. ಕಸದ ಆಟೊ, ಟ್ರ್ಯಾಕ್ಟರುಗಳ ವಿಮೆ ಮುಗಿಯುವ ದಿನಾಂಕ ಯಾರ ತಲೆಯಲ್ಲೂ ಇರುವುದಿಲ್ಲ. ಅಪಘಾತದ ದಿನ ವಿಮೆ ಇರದಿದ್ದರೆ ಟ್ರಿಬ್ಯೂನಲ್ ಕೊಡಿಸುವ ಪೂರ್ತಿ ಮೊತ್ತ ಸಂಸ್ಥೆಯ ನಿಧಿಯಿಂದಲೇ ಹೋಗಬೇಕು.

ಸಂಸ್ಥೆಯದೇ ತಪ್ಪು ಎಂದು ಮೊದಲ ಓದಿಗೇ ಗೊತ್ತಾಗುವ ಕೇಸುಗಳಲ್ಲಿ ರಾಜಿಯೇ ಅಗ್ಗ. ಆದರೆ ರಾಜಿ ಮಾಡಿಕೊಂಡ ಅಧಿಕಾರಿಗೆ ಆಡಿಟ್ ಆಕ್ಷೇಪ ಬರುತ್ತದೆ, ಸುಪ್ರೀಂ ಕೋರ್ಟಿನವರೆಗೂ ಹೋಗಿ ಸೋತು ಎರಡರಷ್ಟು ಕೊಟ್ಟವರನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ಗೆಲ್ಲಲಾರದ ಮೇಲ್ಮನವಿಗಳು ಹುಟ್ಟುತ್ತವೆ. ಭೂಸ್ವಾಧೀನದ ಹೆಚ್ಚುವರಿ ಪರಿಹಾರಕ್ಕೆ ಮೊದಲ ವರ್ಷ ಶೇ 9, ಆಮೇಲೆ ಶೇ 15ರ ಬಡ್ಡಿ ಓಡುತ್ತಲೇ ಇರುತ್ತದೆ. ಕೊನೆಗೆ ತೀರ್ಪು ಜಾರಿ ಮಾಡಿಸುವ ಅಮಲ್ಜಾರಿ ಕೋರ್ಟಿನ ಅಮೀನರು ಬಂದು ಕಚೇರಿಯ ಕಂಪ್ಯೂಟರು, ಕುರ್ಚಿ, ಜೀಪು ಜಪ್ತಿ ಮಾಡುವ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಆಡಿಟ್ ಭಯವಿದ್ದವರಿಗೆ ಲೋಕ ಅದಾಲತ್ ಒಳ್ಳೆಯ ದಾರಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 21ನೇ ಕಲಮಿನಂತೆ ಅಲ್ಲಿನ ರಾಜಿ ಸಿವಿಲ್ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ರಾಜಿಯ ಮುನ್ನ ಪ್ಯಾನೆಲ್ ವಕೀಲರಿಂದ ಲಿಖಿತ ಅಭಿಪ್ರಾಯ ಪಡೆದು, ಸೋತರೆ ಬೀಳುವ ಬಡ್ಡಿ ಮತ್ತು ಖರ್ಚಿನ ಅಂದಾಜನ್ನು ಅದಕ್ಕೆ ಲಗತ್ತಿಸಿ, ಸಭೆಯ ಅಜೆಂಡಾದಲ್ಲಿ ಪ್ರತ್ಯೇಕ ವಿಷಯವಾಗಿ ಮಂಡಿಸಿ ನಿರ್ಣಯ ಮಾಡಿಸಿಕೊಳ್ಳಿ. ಮುಂದೆ ಲೆಕ್ಕಪರಿಶೋಧಕರು ‘ಇಷ್ಟು ಹಣ ಏಕೆ ಕೊಟ್ಟಿರಿ’ ಎಂದು ಕೇಳಿದಾಗ ತೋರಿಸಬೇಕಾದ್ದು ಆ ಮೂರು ಹಾಳೆಗಳನ್ನೇ.