ವಯಸ್ಸಾದ ಮಾತ್ರಕ್ಕೆ ಬುದ್ಧಿ ಬರುತ್ತಾ?

ಪ್ರಶ್ನೆ: ನಮ್ಮ ಅಪ್ಪನಿಗೆ 70 ದಾಟಿದೆ. ಗೊತ್ತಿರುವವರ ಹೆಸರೇ ಮರೆಯುತ್ತಾರೆ, ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುತ್ತಾರೆ. ಆದರೆ ಮನೆಯಲ್ಲಿ ತಕರಾರು ಎದ್ದಾಗ ಕೊನೆಗೆ ಅವರು ಹೇಳಿದ್ದೇ ಸರಿಯಾಗುತ್ತದೆ. ಇದು ಹೇಗೆ? ವಯಸ್ಸಿನ ಜೊತೆ ಬುದ್ಧಿ ತಾನಾಗಿ ಬರುತ್ತಾ?

ಉತ್ತರ: ತಾನಾಗಿ ಬರುವುದಿಲ್ಲ. ಆದರೂ ಅಪ್ಪನಲ್ಲಿ ನೀವು ಕಂಡದ್ದು ನಿಜವೇ.

ಮನಶ್ಶಾಸ್ತ್ರಜ್ಞ ರೇಮಂಡ್ ಕ್ಯಾಟೆಲ್ ಬುದ್ಧಿಯನ್ನು ಎರಡು ಬಗೆಯಾಗಿ ನೋಡಿದರು. ಹೊಸ ತೊಡಕನ್ನು ಆ ಕ್ಷಣಕ್ಕೆ ಬಿಡಿಸುವ ಚುರುಕು ಒಂದು. ವರ್ಷಗಟ್ಟಲೆ ಕೂಡಿಟ್ಟ ತಿಳಿವಳಿಕೆ ಇನ್ನೊಂದು. ಚುರುಕು ಬೇಗ ಇಳಿಯುತ್ತದೆ, ಕೂಡಿಟ್ಟದ್ದು ಬಹಳ ಕಾಲ ಉಳಿಯುತ್ತದೆ. (ಆದರೆ ಓಡಾಡಿದ ದಾರಿಯೇ ಮರೆತರೆ, ಹಣದ ಲೆಕ್ಕ ತಪ್ಪತೊಡಗಿದರೆ ಡಾಕ್ಟರಿಗೆ ತೋರಿಸಿ.)

1984ರಲ್ಲಿ ತಿಮೋತಿ ಸಾಲ್ಟ್‌ಹೌಸ್ ಎಂಬ ಸಂಶೋಧಕ 19ರಿಂದ 72 ವರ್ಷದವರೆಗಿನ ಟೈಪಿಸ್ಟ್‌ಗಳನ್ನು ಪರೀಕ್ಷಿಸಿದರು. ವಯಸ್ಸಾದವರ ಬೆರಳು ನಿಧಾನವಾಗಿತ್ತು. ಆದರೆ ಟೈಪಿಂಗ್ ವೇಗ ಕಡಿಮೆಯಾಗಿರಲಿಲ್ಲ! ಕಾರಣ, ಅವರ ಕಣ್ಣು ಕೈಗಿಂತ ಜಾಸ್ತಿ ಮುಂದಿನ ಅಕ್ಷರಗಳನ್ನು ಓದಿಕೊಳ್ಳುತ್ತಿತ್ತು. ನಿಮ್ಮ ಅಪ್ಪನೂ ಹೀಗೆಯೇ ಇರಬಹುದು. ಜಗಳ ಶುರುವಾದಾಗಲೇ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಅವರಿಗೆ ಕಾಣುತ್ತದೆ.

ಹಾಗಾದರೆ ಎಲ್ಲ ಹಿರಿಯರಿಗೂ ಯಾಕೆ ಹೀಗಾಗುವುದಿಲ್ಲ? ಬರ್ಲಿನ್‌ನಲ್ಲಿ ಮನಶ್ಶಾಸ್ತ್ರಜ್ಞ ಪಾಲ್ ಬಾಲ್ಟೆಸ್ ಮತ್ತು ಅವರ ಜೊತೆಗಾರರು ವಿವೇಕ ಅಳೆಯಲು ಜನರ ಮುಂದೆ ಇಂಥ ಸಂಗತಿಗಳನ್ನು ಇಡುತ್ತಿದ್ದರು: 15 ವರ್ಷದ ಹುಡುಗಿ ಈಗಲೇ ಮದುವೆಯಾಗಬೇಕು ಅನ್ನುತ್ತಾಳೆ, ಏನು ಮಾಡಬೇಕು? "ಛೆ, ಆಗೋದೇ ಇಲ್ಲ" ಅಂದು ಮಾತು ಮುಗಿಸಿದವರಿಗೆ ಕಡಿಮೆ ಅಂಕ. ಅವಳಿಗೆ ಯಾರಿದ್ದಾರೆ, ಏನು ಕಷ್ಟ, ಏನಾದರೂ ಕಾಯಿಲೆಯೇ ಎಂದೆಲ್ಲ ವಿಚಾರಿಸಿದವರಿಗೆ ಜಾಸ್ತಿ. ಸುಮಾರು 25ರಿಂದ 75ರವರೆಗೆ ಬರೀ ವಯಸ್ಸಿನಿಂದ ಅಂಕ ಏರಲಿಲ್ಲ. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ. ಅದೇ ತಪ್ಪನ್ನು 40 ವರ್ಷ ಮಾಡಿದರೂ ವಯಸ್ಸಾಗುತ್ತದೆ, ಅಲ್ವಾ?

ಅನುಭವ ಕಲಿಸಬೇಕಾದರೆ ನಾವು ಮಾಡಿದ್ದು ಸರಿಯೋ ತಪ್ಪೋ ಅನ್ನುವುದು ನಮಗೆ ತಿರುಗಿ ತಿಳಿಯಬೇಕು. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಶಾಲೆ ಕಂಡವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸೇರಿ ದಶಕಗಟ್ಟಲೆ ಸಸಿ ಬೆಳೆಸಿದರು. ಕಾಡಿನಲ್ಲಿ ತಾಯಿಮರ ಯಾವುದು, ಬೀಜ ಯಾವಾಗ ಆಯಬೇಕು ಅಂತ ಅವರಿಗೆ ಗೊತ್ತಿತ್ತು. ಹೊತ್ತು ತಪ್ಪಿ ಆಯ್ದ ಬೀಜ ಮೊಳೆಯುವುದಿಲ್ಲ, ಮಣ್ಣೇ ಉತ್ತರ ಹೇಳಿಬಿಡುತ್ತದೆ. 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರು ಬಂತು.

ಅಪ್ಪನ ಹತ್ತಿರ ಬರೀ ತೀರ್ಪು ಕೇಳಬೇಡಿ. ಹಿಂದೆ ಎಲ್ಲಿ ಎಡವಿದ್ದರು ಅಂತ ಕೇಳಿ. ನಾನು ಇದನ್ನು ಕಲಿತದ್ದು ನಮ್ಮಜ್ಜಿಯಿಂದ. ಕಡಲೆಕಾಯಿ ಚಿಕ್ಕಿ ಮಾಡುವಾಗ ಅವರು ಗಡಿಯಾರ ನೋಡುತ್ತಿರಲಿಲ್ಲ. ಬೆಲ್ಲದ ನೊರೆ ಸಣ್ಣಗಾಗುತ್ತಿದ್ದಂತೆ ಉರಿ ತಗ್ಗಿಸಿ, ಒಂದು ಹನಿ ನೀರಿಗೆ ಬಿಟ್ಟು, ಅದನ್ನು ತಟ್ಟೆಗೆ ಎಸೆಯುತ್ತಿದ್ದರು. ಟಣ್ ಅಂದರೆ ಪಾಕ ಆಯಿತು. ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತಾಗುತ್ತೆ ಅಂತ ಕೇಳಿದೆ.

"ಮದುವೆಯಾದ ವರ್ಷ ಎರಡು ಅಚ್ಚು ಬೆಲ್ಲ ಸೀದು ಕರಿ ಮಾಡಿದ್ದೆ ಕಣೆ. ಅತ್ತೆ ಬೈಲಿಲ್ಲ. ಮಾರನೇ ದಿನ ಮತ್ತೆ ಒಲೆ ಮುಂದೆ ಕೂರಿಸಿದ್ರು."