ಓಡುವಾಗ ಹಿಮ್ಮಡಿ ಮೊದಲು ನೆಲಕ್ಕೆ ತಾಗಿದರೆ ತಪ್ಪಾ?

ಪ್ರಶ್ನೆ: ನನಗೆ 42 ವರ್ಷ. ಕೆಲವು ತಿಂಗಳಿಂದ ಓಡುತ್ತಿದ್ದೇನೆ. 5 ಕಿ.ಮೀ. ಆರಾಮಾಗಿ ಮುಗಿಸುತ್ತೇನೆ, ಮುಂದೆ 10 ಕಿ.ಮೀ. ಓಡುವ ಆಸೆ. ಹಿಮ್ಮಡಿ ಮೊದಲು ಊರುತ್ತೀರಿ, ಮುಂಗಾಲಿನ ಮೇಲೆ ಓಡಿ ಎಂದು ಜೊತೆಯವರು ಹೇಳುತ್ತಾರೆ. ಬದಲಾಯಿಸಿಕೊಳ್ಳಲೇ?

ಉತ್ತರ: ನೋವಿಲ್ಲ ಅಂದ್ರೆ ಬೇಡ. ದೂರದ ಓಟ ಓಡುವ ಹವ್ಯಾಸಿಗಳಲ್ಲಿ ಹೆಚ್ಚಿನವರು ಹಿಮ್ಮಡಿಯನ್ನೇ ಮೊದಲು ಊರುತ್ತಾರೆ. ಮ್ಯಾರಥಾನ್‌ನ ದೊಡ್ಡ ಓಟಗಾರರಲ್ಲೂ ಅಂಥವರು ಬೇಕಾದಷ್ಟಿದ್ದಾರೆ. ಬಲವಂತವಾಗಿ ಮುಂಗಾಲಿನ ಮೇಲೆ ಓಡಿದರೆ ದೇಹದ ಭಾರ ಎಲ್ಲೂ ಮಾಯವಾಗುವುದಿಲ್ಲ. ಮಂಡಿಯ ಮೇಲಿನ ಹೊರೆ ಸ್ವಲ್ಪ ಇಳಿದು, ಮೀನಖಂಡಕ್ಕೂ ಹಿಮ್ಮಡಿಯ ಹಿಂದೆ ಸ್ನಾಯುವನ್ನು ಮೂಳೆಗೆ ಕಟ್ಟುವ ಅಕಿಲಿಸ್ ಟೆಂಡನ್‌ಗೂ ಹೋಗಿ ಕೂರುತ್ತದೆ, ಅಷ್ಟೇ. ಅವಕ್ಕೆ ಅಭ್ಯಾಸವಿಲ್ಲದಿದ್ದರೆ ಹೊಸ ನೋವು ಶುರು.

ನಿಜವಾಗಿ ನೋಡಬೇಕಾದ್ದು ಪಾದ ಎಲ್ಲಿ ಬೀಳುತ್ತದೆ ಅನ್ನುವುದನ್ನು. ನೀವು ಓಡುವಾಗ ಯಾರಾದರೂ ಪಕ್ಕದಿಂದ ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆಯಲಿ. ಪಾದ ನೆಲ ಮುಟ್ಟುವ ಕ್ಷಣಕ್ಕೆ ವಿಡಿಯೊ ನಿಲ್ಲಿಸಿ. ಮಂಡಿ ಸ್ವಲ್ಪ ಬಾಗಿದ್ದು, ಪಾದ ಹೆಚ್ಚು ಕಡಿಮೆ ಮಂಡಿಯ ಕೆಳಗೇ ಇದ್ದರೆ ಚಿಂತೆ ಬಿಡಿ. ಕಾಲು ನೆಟ್ಟಗೆ ಚಾಚಿಕೊಂಡು, ಪಾದ ಮಂಡಿಗಿಂತ ತುಂಬ ಮುಂದೆ ಬಿದ್ದಿದ್ದರೆ ಪ್ರತಿ ಹೆಜ್ಜೆಗೂ ನೀವೇ ಬ್ರೇಕ್ ಹಾಕುತ್ತಿದ್ದೀರಿ. ತಿದ್ದಿಕೊಳ್ಳಬೇಕಾದ್ದು ಇದನ್ನು.

ಅದಕ್ಕೆ ಪಾದದ ಬಗ್ಗೆ ಯೋಚಿಸುತ್ತಾ ಓಡಬೇಕಿಲ್ಲ, ಹಾಗೆ ಓಡಿದರೆ ಮೈ ಬಿಗಿಯಾಗುತ್ತದೆ. ವೇಗ ಅಷ್ಟೇ ಇಟ್ಟುಕೊಂಡು ಹೆಜ್ಜೆ ಚಿಕ್ಕದು ಮಾಡಿ, ಸ್ವಲ್ಪ ಬೇಗ ಬೇಗ ಇಡಿ. 30 ಸೆಕೆಂಡಿನಲ್ಲಿ ಬಲಗಾಲು ಎಷ್ಟು ಸಲ ನೆಲ ಮುಟ್ಟಿತು ಎಣಿಸಿ, 4ರಿಂದ ಗುಣಿಸಿ. 39 ಬಂದರೆ ನಿಮಿಷಕ್ಕೆ 156 ಹೆಜ್ಜೆ. ಅದನ್ನು ಶೇ. 5ರಷ್ಟು ಏರಿಸಿ, 164ರ ಹತ್ತಿರ ತಂದರೆ ಸಾಕು. ಇಷ್ಟು ಸಣ್ಣ ಬದಲಾವಣೆಗೇ ಮಂಡಿಯ ಮೇಲಿನ ಹೊರೆ ಇಳಿಯುತ್ತದೆ.

ಎಲ್ಲರೂ 180 ಹೆಜ್ಜೆ ಇಡಬೇಕು ಅನ್ನುವ ಮಾತು ಕೇಳಿರುತ್ತೀರಿ, ಅಲ್ವಾ? 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕೋಚ್ ಜ್ಯಾಕ್ ಡೇನಿಯಲ್ಸ್ ಓಟಗಾರರ ಹೆಜ್ಜೆ ಎಣಿಸಿದರು. ಹೆಚ್ಚು ಕಡಿಮೆ ಎಲ್ಲರದ್ದೂ 180 ಅಥವಾ ಅದಕ್ಕಿಂತ ಜಾಸ್ತಿ ಇತ್ತು. ಆದರೆ ಅವರು ಪದಕಕ್ಕಾಗಿ ಓಡುತ್ತಿದ್ದವರು. ನಿಧಾನವಾಗಿ ಓಡುವಾಗ ಹೆಜ್ಜೆ ಕಡಿಮೆಯಾಗುವುದು ಸಹಜ. ಎತ್ತರದವರಿಗೆ ಇನ್ನೂ ಕಡಿಮೆ ಇರಬಹುದು. ಆ ಅಂಕಿಯ ಹಿಂದೆ ಸುಮ್ನೆ ಬೀಳಬೇಡಿ.

ಹೊಸ ಹೆಜ್ಜೆಯನ್ನು ಮೊದಲು ಒಂದೊಂದು ನಿಮಿಷ ಓಡಿ ನೋಡಿ, ನಡುವೆ ನಿಮ್ಮ ಮಾಮೂಲಿ ಓಟ. ಉಳಿದಂತೆ ಮಾತಾಡುತ್ತಾ ಓಡುವಷ್ಟೇ ವೇಗ ಇರಲಿ.

10 ಕಿ.ಮೀ. ವಿಷಯಕ್ಕೆ ಬಂದರೆ, ಹೆಜ್ಜೆ ತಿದ್ದುವ ವಾರಗಳಲ್ಲಿ ದೂರ ಏರಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ನಡುವಯಸ್ಸಿನಲ್ಲಿ ಓಟ ಶುರು ಮಾಡಿದವರು ಎಡವುವುದು ಇಲ್ಲೇ. ಉಸಿರು ಬೇಗ ಹದಕ್ಕೆ ಬರುತ್ತದೆ, ಇನ್ನೂ ಓಡಬಲ್ಲೆ ಅನ್ನಿಸುತ್ತದೆ. ಆದರೆ ಮೂಳೆ, ಟೆಂಡನ್‌ಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಮೂಳೆಯ ಮೇಲೆ ಒಂದೇ ಜಾಗ ಒತ್ತಿದಾಗ ನೋಯುತ್ತಿದ್ದು, ಓಡಿದಷ್ಟೂ ನೋವು ಜಾಸ್ತಿಯಾದರೆ, ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.